ನಾಲ್ಕನೇ ಆವೃತ್ತಿಗೆ ಬಾರದ ದನಿ

ಆ ಶನಿವಾರ ನಾನು ಗುಬ್ಬಿಗೆ ಹೋದದ್ದು ಬಸ್ಸಿನಲ್ಲೋ ರೈಲಿನಲ್ಲೋ ಎಂಬುದು ಈಗ ಖಚಿತವಿಲ್ಲ. ದಿನಚರಿಯಲ್ಲಿ ಬಸ್ಸು ಎಂದು ಬರೆದುಕೊಂಡಿದ್ದೇನೆ. ಆದರೆ ದಾರಿಯುದ್ದಕ್ಕೂ ಮಡಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದ ನೆನಪಿದೆ. ಶನಿವಾರ ಬೆಳಿಗ್ಗೆ ತುಮಕೂರಿನಿಂದ ಹೊರಡುವ ಬಸ್ಸಿನಲ್ಲಿ ಹಾಗೆ ಆರಾಮವಾಗಿ ಕೂರಲು ಜಾಗ ಸಿಕ್ಕಿರಲಾರದು. ಎರಡರಲ್ಲಿ ಒಂದು ತಪ್ಪು. ಹೀಗೆ ತಪ್ಪಿರುವ ಇನ್ನೂ ಎಷ್ಟೋ ವಿಷಯಗಳು ಮುಂದೆ ಬರಬಹುದು.

ವಿಚಿತ್ರವೆಂದರೆ, ಆ ವಾರಗಳಲ್ಲಿ ನಾನು ಕಂಪ್ಯೂಟರಿನಲ್ಲಿ ಮಾಡಿದ ಪ್ರತಿಯೊಂದು ಬದಲಾವಣೆಯೂ ದಾಖಲಾಗಿದೆ. ಯಾವ ಸಾಲನ್ನು ಅಳಿಸಿದೆ, ಯಾವುದನ್ನು ಸೇರಿಸಿದೆ ಎಂಬುದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಗುಬ್ಬಿಯ ಮನೆಯಲ್ಲಿ, ಕುಣಿಗಲ್ಲಿನ ಜಗಲಿಯಲ್ಲಿ ಯಾರು ಏನೆಂದರು ಎಂಬುದಕ್ಕೆ ಮಾತ್ರ ನಾನೊಬ್ಬಳೇ ಸಾಕ್ಷಿ. ಅಕ್ಕನ ವಿಷಯ ಬರೆಯುವಾಗ ನೆನಪು ನನಗೆ ಅನುಕೂಲವಾಗುವ ಕಡೆಗೆ ಸ್ವಲ್ಪ ವಾಲಿರಲೂಬಹುದು.

ನಮ್ಮದು ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಬಳಸುವವರಲ್ಲಿ ಹೆಚ್ಚಿನವರು ಕಣ್ಣು ಕಾಣದವರು. ಮುಕ್ತ ತಂತ್ರಾಂಶವಾದ್ದರಿಂದ ಅದರ ಕೋಡ್ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ತಿದ್ದಬಹುದು, ಯಾರಿಗೂ ಸಂಬಳವಿಲ್ಲ. ಹಾಗೆ ತಿದ್ದುವ ನಮ್ಮ ಬಳಗ ಚಿಕ್ಕದು. ಬೇರೆ ಬೇರೆ ಊರುಗಳಲ್ಲಿ ತಮ್ಮ ತಮ್ಮ ಉದ್ಯೋಗ ಮುಗಿಸಿ ಬಂದು ಕೂರುವವರು. ಮೂರನೇ ಆವೃತ್ತಿ ಹೊರಬಿದ್ದು ಅದರ ಗಲಾಟೆ ಅಡಗಿದ ಮೇಲೆ, ನಾಲ್ಕನೆಯದರ ಕೆಲಸಕ್ಕೆ ಚಾಲನೆ ಕೊಡುವ ಜವಾಬ್ದಾರಿ ಸರದಿಯಂತೆ ನನ್ನ ಪಾಲಿಗೆ ಬಂತು.

ಚಾಲನೆ ಕೊಡುವುದು ಹೊರಗಿನವರಿಗೆ ಏನೂ ಕಾಣಿಸದ ಕೆಲಸ. ಬಿಡುಗಡೆಯಾದ ಆವೃತ್ತಿಯನ್ನು ಒಂದು ಬ್ರಾಂಚ್, ಅಂದರೆ ಕವಲು, ಮಾಡಿ ಬೇರೆ ಇಡಬೇಕು, ಅಲ್ಲಿ ಇನ್ನು ರಿಪೇರಿ ಮಾತ್ರ. ಮುಖ್ಯ ದಾರಿಯಲ್ಲಿ ಮೂರು ಎಂದಿರುವ ಕಡೆಯೆಲ್ಲ ನಾಲ್ಕು ಎಂದು ಬದಲಿಸಿ, ಪಕ್ಕದಲ್ಲಿ ‘ತಯಾರಿಯಲ್ಲಿದೆ’ ಎಂದು ಸೇರಿಸಬೇಕು. ಬದಲಾವಣೆಗಳ ಪಟ್ಟಿಯನ್ನು ಖಾಲಿ ಮಾಡಿ ಹೊಸ ತಲೆಬರಹ ಹಾಕಬೇಕು. ಆಮೇಲೆ ನಿಜವಾದ ಕೆಲಸ: ಮುಂದಿನ ಆವೃತ್ತಿಗೆ ಯಾವುದು ಬರುತ್ತದೆ, ಯಾವುದನ್ನು ಬಿಟ್ಟು ಹೋಗುತ್ತೇವೆ ಎಂದು ತೀರ್ಮಾನಿಸುವುದು. ನಡುವೆ ತೆಗೆದುಹಾಕಿದರೆ ಬಳಸುವವರಿಗೆ ತೊಂದರೆ, ಹಾಗಾಗಿ ತೆಗೆಯುವುದನ್ನೆಲ್ಲ ಆರಂಭದಲ್ಲೇ ತೆಗೆಯುವುದು ನಮ್ಮ ಪದ್ಧತಿ.

ಈ ಸಲ ಬಿಡಲೇಬೇಕಾಗಿದ್ದದ್ದು ನಮ್ಮ ಹಳೆಯ ಓದುವ ಯಂತ್ರವನ್ನು. ಅದು ಒಬ್ಬರು ಓದಿದ ವಾಕ್ಯಗಳನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ, ಬೇಕಾದ ಪದಕ್ಕೆ ತಕ್ಕಂತೆ ಜೋಡಿಸಿ ನುಡಿಸುತ್ತಿತ್ತು. ಜೋಡಿಸಿದ ಕಡೆ ಹೊಲಿಗೆ ಕಾಣುತ್ತಿತ್ತು. ಕೇಳಿದ ತಕ್ಷಣ ಇದು ಯಂತ್ರ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಅದು ಹೊಸ ಫೋನುಗಳಲ್ಲಿ ನಡೆಯುವುದನ್ನೇ ನಿಲ್ಲಿಸಿತ್ತು. ಹೊಸ ಯಂತ್ರದ ರೀತಿ ಬೇರೆ. ಧ್ವನಿಮುದ್ರಿಸಿದ ಮಾತುಗಳನ್ನೆಲ್ಲ ಕೇಳಿ ಕೇಳಿ ಆ ದನಿಯ ಗುಣವನ್ನೇ ಕಲಿಯುತ್ತದೆ. ಕಲಿತ ಮೇಲೆ ಯಾವ ಮಾತನ್ನಾದರೂ ಆಡುತ್ತದೆ, ನಡುವೆ ಉಸಿರೂ ತೆಗೆದುಕೊಳ್ಳುತ್ತದೆ.

ನಮ್ಮಲ್ಲಿ ಇದ್ದದ್ದು ಮೂರು ದನಿ. ಒಂದು, ಯಾರದೂ ಅಲ್ಲದ, ಸಪಾಟಾಗಿ ಓದುವ ಗಂಡು ದನಿ. ಇನ್ನೊಂದು ಮೈಸೂರಿನ ಒಬ್ಬ ವಿದ್ಯಾರ್ಥಿನಿಯದು. ಮೂರನೆಯದು, ಬಹುಪಾಲು ಜನ ಬಳಸುತ್ತಿದ್ದದ್ದು, ನನ್ನ ಅಕ್ಕನದು.

ಅಕ್ಕ ಗುಬ್ಬಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆ ರಜೆ ಪೂರ್ತಿ ಅವಳ ಮನೆಯ ಒಳಕೋಣೆಯ ಕಿಟಕಿಗೆ ರಗ್ಗು ಕಟ್ಟಿ, ನಾನು ಕೊಟ್ಟ ವಾಕ್ಯಗಳನ್ನೆಲ್ಲ ಅವಳು ಓದಿದಳು, ನಾನು ಮುದ್ರಿಸಿಕೊಂಡೆ. ರೈಲು ಬಂದಾಗೆಲ್ಲ ನಿಲ್ಲಿಸಬೇಕಾಗುತ್ತಿತ್ತು. “ಈ ಸುಟ್ಟ ಗಾಡಿಗೂ ನನ್ನ ವಾಕ್ಯಕ್ಕೂ ಏನೋ ದ್ವೇಷ ಇದೆ ಕಣೇ,” ಎನ್ನುತ್ತಿದ್ದಳು. ಅಂಥ ಮಾತುಗಳನ್ನೆಲ್ಲ ನಾನು ಆಮೇಲೆ ಕತ್ತರಿಸಿ ಎಸೆದೆ, ಯಂತ್ರಕ್ಕೆ ಅವು ಬೇಡವಾಗಿದ್ದವು. ಓದಿದ ವಾಕ್ಯಗಳು ಮಾತ್ರ ಉಳಿದವು: ಇಂದು ಸಂಜೆ ಮಳೆಯಾಗುವ ಸಾಧ್ಯತೆ ಇದೆ, ದಯವಿಟ್ಟು ಬಾಗಿಲನ್ನು ಮುಚ್ಚಿ, ಇಂಥವು.

ನಾಲ್ಕನೇ ಆವೃತ್ತಿಯ ಹಿಂದಿನ ವರ್ಷ ಅಕ್ಕನಿಗೆ ಗಂಟಲಿನಲ್ಲಿ ಕ್ಯಾನ್ಸರ್ ಎಂದು ತಿಳಿಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವಳು ಉಸಿರಾಡುವುದು ಕತ್ತಿನ ಬುಡದಲ್ಲಿ ಮಾಡಿದ ರಂಧ್ರದಿಂದ. ಅದರ ಮೇಲೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಗಂಟಲಿಗೆ ಒತ್ತಿ ಹಿಡಿದರೆ ಗುಂಯ್ ಎಂದು ಮಾತು ಹೊರಡಿಸುವ ಒಂದು ಸಾಧನವನ್ನು ಡಾಕ್ಟರು ಕೊಟ್ಟಿದ್ದರು. ಒಮ್ಮೆ ಪ್ರಯತ್ನಿಸಿ ಅದನ್ನು ಮತ್ತೆ ಡಬ್ಬಕ್ಕೆ ಹಾಕಿಟ್ಟಳು. ಹೇಳಬೇಕಾದ್ದನ್ನು ಫೋನಿನಲ್ಲಿ ಬರೆದು ತೋರಿಸುತ್ತಿದ್ದಳು. ಇದನ್ನು ಬಳಗದಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಅವರಿಗೆ ಅದು ಸುದ್ದಿಯಾಗುವುದು ನನಗೆ ಬೇಕಿರಲಿಲ್ಲ, ಅಷ್ಟೇ.

ಮೊದಲ ಸಭೆ, ವಿಡಿಯೋ ಕರೆಯಲ್ಲಿ, ಚುರುಕಾಗಿಯೇ ನಡೆಯಿತು. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಿಯಂತ್ರಣ ನೋಡಿಕೊಳ್ಳುವ ಎಂಜಿನಿಯರ್ ಒಬ್ಬರು ನಮ್ಮ ಬಿಲ್ಡ್‌ಗಳ ಉಸ್ತುವಾರಿ. ಕೋಡ್ ಅನ್ನು ಓಡುವ ಪ್ರೋಗ್ರಾಮ್ ಆಗಿ ಕಟ್ಟಿ, ಪರೀಕ್ಷಿಸಿ, ಹೊರಬಿಡುವುದು ಅವರ ಕೆಲಸ.

“ಮೇಡಂ, ಹಳೇ ಎಂಜಿನ್ ತೆಗ್ದುಬುಡಣ. ಅದನ್ನ ಬದುಕಿಸ್ಕೊಂಡು ಹೋಗೋದು ಸತ್ತೋರಿಗೆ ಡ್ರಿಪ್ ಹಾಕ್ದಂಗೆ,” ಎಂದರು.

“ತೆಗೆಯೋಣ. ಆದ್ರೆ ದನಿಗಳಿಗೆ ಹೊಸ ಅನುಮತಿ ಬೇಕಾಗುತ್ತೆ,” ಎಂದೆ.

ಇದು ನಮ್ಮ ಹಳೆಯ ನಿಯಮ. ಪ್ರತಿ ದನಿಯ ಜೊತೆಗೂ ಅದನ್ನು ಕೊಟ್ಟವರ ಅನುಮತಿ ಪತ್ರ ಒಂದು ಪುಟ ಇರುತ್ತದೆ. ಅಕ್ಕ ಒಪ್ಪಿದ್ದು ತಾನು ಓದಿದ್ದನ್ನು ತುಣುಕು ಮಾಡಿ ಜೋಡಿಸಲು. ತನ್ನ ದನಿಯನ್ನು ಯಂತ್ರ ಕಲಿತು, ತಾನು ಎಂದೂ ಆಡದ ಮಾತನ್ನು ತನ್ನಂತೆಯೇ ಆಡಲು ಅಲ್ಲ. ಬಳಗದವರು ಒಪ್ಪಿದರು. “ನಿಮ್ಮಕ್ಕನೇ ಅಲ್ವಾ, ಒಂದು ಸೈನ್ ತಾನೆ,” ಎಂದು ಎಂಜಿನಿಯರ್ ನಕ್ಕರು. ನಾನೂ ನಕ್ಕಿರಬೇಕು.

ನಮ್ಮಲ್ಲಿ ‘ಹಾಜರಿ’ ಎಂಬ ಇನ್ನೊಂದು ಪದ್ಧತಿ ಇದೆ. ಹೊಸ ಆವೃತ್ತಿಯ ಕೆಲಸದ ಚಕ್ರ ಶುರುವಾಗುವಾಗ ತಂತ್ರಾಂಶದ ಪ್ರತಿ ಭಾಗದ ಹೊಣೆ ಹೊತ್ತವರಿಗೂ ಒಂದು ಮೇಲ್ ಹೋಗುತ್ತದೆ. ಕಳಿಸುವುದು ಒಂದು ಪುಟ್ಟ ಪ್ರೋಗ್ರಾಮ್, ಮನುಷ್ಯರಲ್ಲ. ಎರಡು ವಾರದೊಳಗೆ ‘ಇದ್ದೇನೆ’ ಎಂದು ಉತ್ತರ ಬರದಿದ್ದರೆ ಆ ಭಾಗಕ್ಕೆ ವಾರಸುದಾರರಿಲ್ಲ ಎಂಬ ಗುರುತು ಬೀಳುತ್ತದೆ. ಬಿಟ್ಟು ಹೋದವರ ಭಾಗಗಳು ದೂಳು ಹಿಡಿದು ಕೂರಬಾರದೆಂದು ಮಾಡಿಕೊಂಡ ಏರ್ಪಾಡು. ದನಿ ಕೊಟ್ಟವರೂ ಆ ಪಟ್ಟಿಯಲ್ಲಿದ್ದಾರೆಂಬುದು ಯಾರ ಮನಸ್ಸಿಗೂ ಬರಲಿಲ್ಲ. ನಾನು ಗುಂಡಿ ಒತ್ತಿ ಕಾಲೇಜಿಗೆ ಪಾಠಕ್ಕೆ ಹೋದೆ.

ಮಧ್ಯಾಹ್ನ ಭಾವನ ಫೋನು. ಅವರದು ಗುಬ್ಬಿಯ ಪೇಟೆಯಲ್ಲಿ ಪೈಪು, ಮೋಟಾರುಗಳ ಅಂಗಡಿ. ಪಂಪಿನ ಶಬ್ದದ ಮೇಲೆ ಮಾತಾಡಿ ಮಾತಾಡಿ ಅವರ ಗಂಟಲು ಯಾವಾಗಲೂ ಏರಿಯೇ ಇರುತ್ತದೆ.

“ಏನಮ್ಮ ಇದು? ನಿಮ್ ಸಾಫ್ಟ್‌ವೇರಿನೋರು ನಿಮ್ಮಕ್ಕಂಗೆ ಏನೋ ಕಳ್ಸವ್ರಲ್ಲ. ‘ತಾವು ಇನ್ನೂ ನಮ್ಮೊಂದಿಗೆ ಇದ್ದೀರಾ’ ಅಂತ ಕೇಳವ್ರೆ! ಉತ್ತರ ಕೊಡ್ದಿದ್ರೆ ದನಿ ತೆಗೀತೀವಿ ಅಂತ ಬೇರೆ. ಇನ್ನೇನು ಉಳ್ದದೆ ತೆಗೆಯಾಕೆ? ಯಾರವ್ನು ಬರ್ದೋನು?”

ಆ ವಾಕ್ಯವನ್ನು ತಿದ್ದಿಕೊಟ್ಟವಳು ಅಕ್ಕನೇ. ಮೊದಲು ನಮ್ಮ ಒರಟು ಭಾಷೆಯಲ್ಲಿದ್ದ ಮೇಲನ್ನು, “ಹೀಗೆ ಬರೆದ್ರೆ ಸಾಲ ವಸೂಲಿಗೆ ಬಂದೋರ ಥರ ಇದೆ,” ಎಂದು ನಯ ಮಾಡಿಕೊಟ್ಟಿದ್ದಳು. ಇದನ್ನು ಭಾವನಿಗೆ ಹೇಳಲಿಲ್ಲ.

“ಅಕ್ಕ ಏನಂದ್ಲು?” ಎಂದೆ.

“ಏನಂತಾಳೆ. ನಗ್ತಾ ಕೂತವ್ಳೆ.”

ಈಗ ಅವಳು ನಗುವುದೆಂದರೆ ಭುಜಗಳು ಅಲುಗುತ್ತವೆ, ಕತ್ತಿನ ಬಟ್ಟೆ ಉಬ್ಬಿ ಇಳಿಯುತ್ತದೆ. ಶಬ್ದ ಇಲ್ಲ. ಅವಳು ನಿಜವಾಗಿ ನಗುತ್ತಿದ್ದಳೋ ಅಥವಾ ಭಾವನಿಗೆ ಹಾಗೆ ಕಂಡಿತೋ, ನಾನು ಅಲ್ಲಿರಲಿಲ್ಲ.

ಶನಿವಾರ ಹೊಸ ಅನುಮತಿ ಪತ್ರದ ಮುದ್ರಿತ ಪ್ರತಿ ಹಿಡಿದು ಗುಬ್ಬಿಗೆ ಹೋದೆ. ಬಾಗಿಲ ಬಳಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಅಕ್ಕನ ದನಿ ಕೇಳಿಸಿತು. ಭಾವ ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಎದುರಿಗೆ ನೀರಿನ ಜಗ್ಗಿಗೆ ಒರಗಿಸಿಟ್ಟ ಫೋನು ಅಂದಿನ ಪೇಪರು ಓದುತ್ತಿತ್ತು. ಟೊಮೆಟೊ ದರ, ಎಲ್ಲೋ ಲಾರಿ ಮಗುಚಿದ್ದು, ಯಾರೋ ಮಂತ್ರಿಯ ಹೇಳಿಕೆ, ಎಲ್ಲವೂ ಅಕ್ಕನ ದನಿಯಲ್ಲಿ.

“ಬಾರಮ್ಮ. ದಿನಾ ಬೆಳಿಗ್ಗೆ ಹಿಂಗೆ ಹಾಕ್ಕೊಂಡ್ಬುಡ್ತೀನಿ. ಮನೇಲಿ ಮಾತು ಇದ್ದಂಗಿರ್ತದೆ,” ಎಂದರು. ಅದನ್ನು ಹೇಳಿದ ರೀತಿಯಲ್ಲಿ ಒಂದಿಷ್ಟೂ ಮರೆಮಾಚುವಿಕೆ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನ್ನನ್ನು ನೋಡಿ ಕೈಯೆತ್ತಿದಳು, ಒಳಗೆ ತಿರುಗಿದಳು, ಮರುಕ್ಷಣ ಮಿಕ್ಸಿ ಓಡತೊಡಗಿತು. ಪೇಪರು ಮುಗಿಯುವವರೆಗೂ ಓಡಿತು. ಜಾರಿನಲ್ಲಿ ಏನಿತ್ತೋ ನೋಡಲಿಲ್ಲ. ಖಾಲಿ ಇತ್ತು ಎಂದು ಬರೆಯಲು ಆಸೆಯಾಗುತ್ತದೆ. ಆದರೆ ನೋಡಿಲ್ಲ.

ಭಾವ ಅಂಗಡಿಗೆ ಹೋದ ಮೇಲೆ ಸೊಪ್ಪಿನವಳು ಬಂದಳು. ಅಕ್ಕ ಫೋನಿನಲ್ಲಿ ಟೈಪ್ ಮಾಡಿ ಮೇಲೆತ್ತಿ ಹಿಡಿದಳು. ಅದರಿಂದ ಹೊರಟದ್ದು ಆ ಯಾರದೂ ಅಲ್ಲದ ಗಂಡು ದನಿ: “ಮೆಂತ್ಯ ಎರಡು ಕಟ್ಟು. ಮೊನ್ನೆಯದು ಬಾಡಿತ್ತು.”

“ಅಕ್ಕೋ, ಫೋನೊಳಗಿರೋ ಆ ಗಂಡ್ಸಿಗೆ ವಸಿ ಹೇಳ್ರಿ,” ಎಂದಳು ಸೊಪ್ಪಿನವಳು, ಕುಕ್ಕೆ ಇಳಿಸುತ್ತ. “ಪೊಲೀಸ್ ಸ್ಟೇಷನ್ನಾಗೆ ಕೇಳ್ದಂಗೆ ಕೇಳ್ತಾನೆ. ನನ್ ಸೊಪ್ಪು ಬಾಡಾಕಿಲ್ಲ, ನೀವೇ ಬಿಸ್ಲಲ್ಲಿ ಮಡ್ಗಿರ್ತೀರಿ.”

ಅಕ್ಕ ಮತ್ತೆ ಟೈಪ್ ಮಾಡಿದಳು. “ಸುಳ್ಳು ಹೇಳಿದರೆ ಒಳಗೆ ಹಾಕುತ್ತೇನೆ,” ಎಂದಿತು ಗಂಡು ದನಿ. ಸೊಪ್ಪಿನವಳು ಬಿದ್ದು ಬಿದ್ದು ನಕ್ಕಳು, ಒಂದು ಕಟ್ಟು ಕೊತ್ತಂಬರಿ ಸುಮ್ಮನೆ ಹಾಕಿಹೋದಳು. ನಾನೂ ನಕ್ಕೆ. ಆಮೇಲೆ, ನಿನ್ನದೇ ದನಿ ಅದರಲ್ಲಿದೆಯಲ್ಲ, ಯಾಕೆ ಹಾಕಿಕೊಂಡಿಲ್ಲ ಎಂದು ಕೇಳುವ ಬದಲು ಚೀಲದಿಂದ ಅನುಮತಿ ಪತ್ರ ತೆಗೆದೆ.

ಅನುಮತಿ ಪತ್ರವನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ವಿವರಿಸಿದೆ. ಹಳೆಯ ಯಂತ್ರ ಹೋಗುತ್ತದೆ. ಹೊಸದು ಹೀಗೆ ಕೆಲಸ ಮಾಡುತ್ತದೆ. ನೀನು ಒಪ್ಪಿದರೆ ನಿನ್ನ ದನಿ ಉಳಿಯುತ್ತದೆ, ಒಪ್ಪದಿದ್ದರೆ ಮೂರನೇ ಆವೃತ್ತಿಯೇ ಕೊನೆ, ಹಳೆಯ ಫೋನುಗಳು ಇರುವವರೆಗೆ ಮಾತ್ರ. ತರಗತಿಯಲ್ಲಿ ಹೇಳುವ ಹಾಗೆ ಹೇಳುತ್ತಿದ್ದೇನೆಂದು ನಡುವೆ ನನಗೇ ಅನ್ನಿಸಿತು. ಅಕ್ಕ ಪೆನ್ಸಿಲು ತೆಗೆದುಕೊಂಡು ನಿಧಾನವಾಗಿ ಓದಿದಳು. ಒಂದು ಉದ್ದದ ವಾಕ್ಯವನ್ನು ಎರಡಾಗಿ ಒಡೆದಳು. ಸಹಿಯ ಜಾಗ ಬಿಟ್ಟು ನನಗೆ ವಾಪಸು ಕೊಟ್ಟಳು. ಫೋನಿನಲ್ಲಿ ಬರೆದಳು: ಊಟಕ್ಕೆ ಮೆಂತ್ಯದ ಬಾತು ಮಾಡಲಾ?

ನಾನು ಒತ್ತಾಯಿಸಲಿಲ್ಲ. ಯೋಚಿಸಲು ಸಮಯ ಬೇಕು ಎಂದುಕೊಂಡೆ. ಹೊರಡುವಾಗ ಬಸ್‌ಸ್ಟ್ಯಾಂಡಿನ ತನಕ ಭಾವ ಬೈಕಿನಲ್ಲಿ ಬಿಟ್ಟರು.

“ಸೈನ್ ಹಾಕಿದ್ಲಾ?”

“ಇಲ್ಲ.”

“ಹಾಕ್ಬುಡು ಕಣಮ್ಮ ನೀನೇ, ಇರ್ಲಿ. ಅವ್ಳೇನು ಬೇಡ ಅಂತಾಳಾ? ನಾಳೆ ಈ ಫೋನ್ ಕೆಟ್ಟೋಯ್ತು ಅಂದ್ರೆ ನಾನೇನ್ ಮಾಡ್ಲಿ, ಹೇಳು.” ಅವರು ಮುಂದೆ ನೋಡುತ್ತಲೇ ಹೇಳಿದರು, ಮುಖ ಕಾಣಲಿಲ್ಲ.

ಮುಂದಿನ ವಾರಗಳಲ್ಲಿ ಬೇರೆ ತೊಂದರೆಗಳು ಬಂದವು. ಹಳೆಯ ಯಂತ್ರವನ್ನು ಕಿತ್ತ ಕೂಡಲೇ ಅದಕ್ಕೆ ಅಂಟಿಕೊಂಡಿದ್ದ ಎಷ್ಟೋ ಭಾಗಗಳು ಬಿಲ್ಡ್ ಆಗದೆ ನಿಂತವು. ಕನ್ನಡದ ಅಂಕಿಗಳನ್ನು ಮಾತಾಗಿ ಬದಲಿಸುವ ಭಾಗ ಹಳೆಯದರ ಒಳಗೇ ಹುದುಗಿತ್ತು, ಅದನ್ನು ಬಿಡಿಸಿ ಹೊರಗೆ ತರುವಷ್ಟರಲ್ಲಿ ಫೋನ್ ನಂಬರುಗಳನ್ನೆಲ್ಲ ಕೋಟಿ ಲಕ್ಷಗಳಲ್ಲಿ ಓದತೊಡಗಿತು. ಒಂದನ್ನು ಸರಿಮಾಡಿದರೆ ಇನ್ನೊಂದು ಪರೀಕ್ಷೆ ಬೀಳುತ್ತಿತ್ತು. ಹಾಜರಿಯ ಗಡುವು ಮುಗಿಯಿತು. ಪ್ರೋಗ್ರಾಮ್ ತನ್ನ ಪಾಡಿಗೆ ಅಕ್ಕನ ದನಿಗೆ ವಾರಸುದಾರರಿಲ್ಲ ಎಂಬ ಗುರುತು ಹಾಕಿತು. ನಾನು ಅದನ್ನು ಕೈಯಿಂದ ತೆಗೆದು, ‘ಅನುಮತಿ ಬಾಕಿ’ ಎಂದು ಬರೆದು ಗಡುವನ್ನು ಮುಂದಕ್ಕೆ ಹಾಕಿದೆ. ಹಾಗೆ ಮಾಡಲು ಚಾಲನೆ ಕೊಡುವವರಿಗೆ ಅಧಿಕಾರವಿದೆ. ಬೇರೆಯವರ ಭಾಗವಾಗಿದ್ದರೂ ಹಾಗೆಯೇ ಮಾಡುತ್ತಿದ್ದೆನೇ ಎಂದು ಆ ದಿನದ ದಿನಚರಿಯಲ್ಲಿ ಕೇಳಿಕೊಂಡಿದ್ದೇನೆ.

ಹೊಸ ಯಂತ್ರ ಬಳಸುವವರ ಕಿವಿಗೆ ಹೇಗಿದೆಯೆಂದು ತಿಳಿಯಲು ಕುಣಿಗಲ್ಲಿಗೆ ಹೋದೆ. ಅಲ್ಲಿ ಸಮಾಜ ವಿಜ್ಞಾನ ಕಲಿಸುವ ಒಬ್ಬ ಮೇಷ್ಟ್ರು ನಮ್ಮ ಬಹುಕಾಲದ ಪರೀಕ್ಷಕರು. ಹುಟ್ಟಿನಿಂದಲೇ ಕಣ್ಣು ಕಾಣದವರು. ಅವರು ಓದಿಸುವ ವೇಗಕ್ಕೆ ನಮ್ಮಂಥವರಿಗೆ ಒಂದು ಪದವೂ ತಿಳಿಯುವುದಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿಸಿದ್ದರು. ಮೈಸೂರಿನ ವಿದ್ಯಾರ್ಥಿನಿಯ ಅನುಮತಿ ಬಂದಿತ್ತು, ಅವಳ ಹೊಸ ದನಿಯನ್ನು ಮೊದಲು ಕೇಳಿಸಿದೆ.

“ಚೆನ್ನಾಗದೆ,” ಎಂದರು. “ಆದ್ರೆ ಈ ಹುಡುಗಿ ಬಲೇ ವಿನಯ ಮೇಡಂ. ವೇಗ ಜಾಸ್ತಿ ಮಾಡಿದ್ರೆ ಹೆದ್ರಿಕೊಂಡು ಓದ್ದಂಗೆ ಕೇಳ್ತದೆ. ನಂಗೆ ನಿಮ್ಮಕ್ಕೋರೇ ಆಗ್ಬೇಕು. ನಾನು ಬಿ.ಎಡ್ ಪೂರ್ತಿ ಓದಿದ್ದು ಅವ್ರ ದನೀಲಿ.”

ಒಳಗಿನಿಂದ ಅವರ ಹೆಂಡತಿ, “ಹೂಂ, ನಾವು ಕಿರುಚ್ಕೊಂಡ್ರೂ ಕೇಳಾಕಿಲ್ಲ. ಆ ಟೀಚ್ರಮ್ಮ ಹೇಳಿದ್ರೆ ಮಾತ್ರ ಕಿವಿ ನೆಟ್ಟಗಾಯ್ತದೆ,” ಎಂದರು.

“ಅವ್ರು ಬಯ್ಯದಿಲ್ವಲ್ಲ ಕಣೇ, ಅದ್ಕೇ!”

ಅದೇ ಹೊತ್ತಿಗೆ ಬಿಲ್ಡ್ ಎಂಜಿನಿಯರಿಂದ ಒಂದು ಸಂದೇಶ ಬಂತು. ಜೊತೆಗೆ ಒಂದು ಆಡಿಯೋ. ‘ಅನುಮತಿ ಬಂದ ಮೇಲೆ ತಡ ಆಗಬಾರದು ಅಂತ ನಿಮ್ಮಕ್ಕನ ರೆಕಾರ್ಡಿಂಗ್ ಮೇಲೆ ಸುಮ್ಮನೆ ಒಂದು ಟ್ರಯಲ್ ಹಾಕಿದೆ ಮೇಡಂ, ನನ್ನ ಸಿಸ್ಟಮಲ್ಲೇ ಇದೆ, ಎಲ್ಲೂ ಹಾಕಿಲ್ಲ. ಕೇಳಿ ನೋಡಿ.’ ಏನೆಂದು ಯೋಚಿಸುವ ಮೊದಲೇ ಒತ್ತಿದೆ. ಫೋನಿನ ಶಬ್ದ ಪೂರ್ತಿ ಏರಿಸಿಯೇ ಇತ್ತು.

“ನಮಸ್ಕಾರ. ನಾನು ಚೆನ್ನಾಗಿದೀನಿ. ನೀವೆಲ್ಲ ಹೇಗಿದೀರಿ?”

ಹೊಲಿಗೆ ಇರಲಿಲ್ಲ. ‘ಚೆನ್ನಾಗಿದೀನಿ’ಯ ಮೊದಲು ಅಕ್ಕ ತೆಗೆದುಕೊಳ್ಳುತ್ತಿದ್ದ ಆ ಸಣ್ಣ ಉಸಿರು ಕೂಡ ಇತ್ತು. ಕತ್ತಿನ ರಂಧ್ರದಿಂದಲ್ಲ, ಬಾಯಿಯಿಂದ ತೆಗೆದ ಉಸಿರು. ಅವಳು ಆ ಬೇಸಿಗೆ ಓದಿದ ವಾಕ್ಯಗಳನ್ನೆಲ್ಲ ಕತ್ತರಿಸಿ ಜೋಡಿಸಿದವಳು ನಾನು. ‘ನಾನು ಚೆನ್ನಾಗಿದೀನಿ’ ಎಂದು ಅವುಗಳಲ್ಲಿ ಎಲ್ಲೂ ಇಲ್ಲ.

“ಇದೇ! ಇದೇ ಇದೇ!” ಎಂದು ಮೇಷ್ಟ್ರು ಕುರ್ಚಿಯ ಕೈ ಬಡಿದರು. “ಏನ್ ಮೇಡಂ, ಮುಂದೆ ಬಂದು ಕೂತ್ಕೊಂಡು ಮಾತಾಡ್ದಂಗೈತಲ್ಲ! ಯಾವಾಗ ಬಿಡ್ತೀರಿ? ನಮ್ಮಕ್ಕೋರು ಚೆನ್ನಾಗವ್ರಂತೆ, ಕೇಳ್ದಾ?” ಎಂದು ಒಳಗೂ ಕೂಗಿದರು.

ನಾನು ಮಾತಾಡದ್ದು ಅವರಿಗೆ ಗೊತ್ತಾಯಿತು. ಅವರು ನನ್ನ ಕಡೆ ತಲೆ ತಿರುಗಿಸಿದರು. ಆಗ ಹೇಳಿದೆ. ಬಳಗದಲ್ಲಿ ಮೊದಲು ಅವರಿಗೇ ಹೇಳಿದ್ದು. ಧ್ವನಿಪೆಟ್ಟಿಗೆ ತೆಗೆದದ್ದು, ಅನುಮತಿ ಪತ್ರ ಸಹಿಯಿಲ್ಲದೆ ವಾಪಸು ಬಂದದ್ದು.

“ಅಂದ್ರೆ ನಾನು ದಿನಾ ಕೇಳ್ತಿದ್ನಲ್ಲ,” ಎಂದು ಆರಂಭಿಸಿ ನಿಲ್ಲಿಸಿದರು. ಆಮೇಲೆ, “ತಪ್ಪು ತಿಳ್ಕೋಬೇಡಿ ಮೇಡಂ. ನಾನು ಸ್ವಾರ್ಥಿ ಅಂದ್ಕೊಳ್ಳಿ ಬೇಕಾದ್ರೆ. ತೆಗೀಬೇಡಿ. ನಂಗೆ ಮುಖ ಅಂತ ಯಾವ್ದೂ ಗೊತ್ತಿಲ್ಲ. ದನಿ ಹೋದ್ರೆ ಜನಾನೇ ಹೋದಂಗೆ,” ಎಂದರು.

ಕುಣಿಗಲ್ಲಿನಿಂದ ವಾಪಸು ಬರುವ ಬಸ್ಸಿನಲ್ಲಿ ಆ ಆಡಿಯೋವನ್ನು ಮತ್ತೆ ಕೇಳಬೇಕೆಂದು ಎಷ್ಟು ಅನ್ನಿಸಿತೆಂದರೆ ಫೋನನ್ನು ಚೀಲದ ತಳಕ್ಕೆ ಹಾಕಿದೆ. ಕೇಳಲಿಲ್ಲ ಎಂದೇ ನನ್ನ ನೆನಪು. ನನಗೆ ಅದು ಬೇಕಾಗಿತ್ತು, ಮೇಷ್ಟ್ರಿಗೆ ಬೇಕಾಗಿತ್ತು, ಭಾವನಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ಹೆಸರೇ ಗೊತ್ತಿಲ್ಲದ ಎಷ್ಟೋ ಜನರಿಗೆ ಬೇಕಾಗಿತ್ತು. ಬೇಕು ಎನ್ನದೆ ಇದ್ದವಳು ಒಬ್ಬಳೇ. ಅವಳು ಬೇಡ ಎಂದೂ ಅಂದಿರಲಿಲ್ಲ. ಸುಮ್ಮನಿರುವುದನ್ನು ಹೌದು ಎಂದು ಓದಬಹುದಿತ್ತು. ಸಹಿಯ ಜಾಗದಲ್ಲಿ ‘ಕುಟುಂಬದವರ ಪರವಾಗಿ’ ಎಂದು ನಾನೇ ಬರೆದಿದ್ದರೂ ಬಳಗದಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಮನೆಯವರೆಲ್ಲ ಸೇರಿ ಅವಳ ಬಾಯಲ್ಲಿ ‘ಚೆನ್ನಾಗಿದೀನಿ’ ಅನ್ನಿಸಿದಂತೆ ಆಗುತ್ತಿತ್ತು. ಅವಳು ಚೆನ್ನಾಗಿದ್ದಾಳೋ ಇಲ್ಲವೋ, ಅದನ್ನು ಹೇಳದೆ ಇರುವುದಷ್ಟೇ ಈಗ ಅವಳ ಕೈಯಲ್ಲಿ ಉಳಿದಿತ್ತು.

ಎಂಜಿನಿಯರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ, ಟ್ರಯಲ್ ಮಾದರಿಯನ್ನು ಅಳಿಸಲು ಕೇಳಿಕೊಂಡೆ. “ಅಯ್ಯೋ ಮೇಡಂ, ನಾನು... ಎಂಥಾ ಲೈನ್ ಹಾಕ್ಬುಟ್ನಲ್ಲ ಮೇಡಂ. ಗೊತ್ತಿರ್ಲಿಲ್ಲ, ನನ್ನಾಣೆಗೂ ಗೊತ್ತಿರ್ಲಿಲ್ಲ.” ಸ್ವಲ್ಪ ಹೊತ್ತಿನ ಮೇಲೆ ‘ಅಳಿಸಿದೆ’ ಎಂದು ಒಂದೇ ಪದದ ಸಂದೇಶ ಬಂತು. ನನ್ನ ಫೋನಿನಲ್ಲಿದ್ದದ್ದನ್ನೂ ಅಳಿಸಿದೆ.

ಮುಂದಿನ ಸಭೆಯಲ್ಲಿ ನನ್ನ ತೀರ್ಮಾನ ಹೇಳಿದೆ. ಅನುಮತಿ ಬಾರದ ದನಿ ಹೊಸ ಆವೃತ್ತಿಗೆ ಬರುವುದಿಲ್ಲ. ಮೂರನೆಯ ಆವೃತ್ತಿಯ ಬ್ರಾಂಚಿನಲ್ಲಿ ಅದು ಇದ್ದ ಹಾಗೇ ಇರಲಿ, ಆಗುವಷ್ಟು ದಿನ ರಿಪೇರಿ ಮಾಡುತ್ತ ಹೋಗೋಣ. ಹೊಸದನ್ನು ಸೇರಿಸುವ ಗಡುವಿನವರೆಗೆ ಬಾಗಿಲು ತೆರೆದಿರುತ್ತದೆ. ಯಾರೂ ವಾದಿಸಲಿಲ್ಲ. ಕರೆಯಲ್ಲಿದ್ದ ಕುಣಿಗಲ್ಲಿನ ಮೇಷ್ಟ್ರು ಕೂಡ.

ತೆಗೆಯುವ ಕೆಲಸ ಚಿಕ್ಕದು. ದನಿಗಳ ಪಟ್ಟಿಯಿಂದ ಒಂದು ಹೆಸರು, ಅದರ ಹಿಂದೆ ಒಂದು ಫೋಲ್ಡರು. ಬದಲಾವಣೆಗೆ ಒಂದು ಸಾಲಿನ ವಿವರಣೆ ಬರೆಯಬೇಕು. ಮೊದಲು ‘ವಾರಸುದಾರರಿಲ್ಲದ ದನಿಯನ್ನು ತೆಗೆದಿದೆ’ ಎಂದು ಬರೆದು ಅಳಿಸಿದೆ. ಕೊನೆಗೆ ‘ಹೊಸ ಅನುಮತಿ ಇಲ್ಲದ್ದರಿಂದ ಈ ದನಿಯನ್ನು ಮೂರನೇ ಆವೃತ್ತಿಯಲ್ಲೇ ಉಳಿಸಲಾಗಿದೆ’ ಎಂದು ಬರೆದೆ. ಬಿಲ್ಡ್ ಮೊದಲ ಸಲವೇ ಯಶಸ್ವಿಯಾಯಿತು, ಎಲ್ಲ ಪರೀಕ್ಷೆಗಳಿಗೂ ಹಸಿರು ಗುರುತು ಬಿತ್ತು. ವಾರಗಳಿಂದ ಅದಕ್ಕಾಗಿ ಕಾದಿದ್ದೆ. ಎದ್ದು ಹೋಗಿ ಒಣಗಿದ ಬಟ್ಟೆ ಮಡಿಸಿದೆ. ನಾಲ್ಕನೇ ಆವೃತ್ತಿಯ ಚಕ್ರ ಅಧಿಕೃತವಾಗಿ ತೆರೆದಿದೆ ಎಂದು ಆ ಸಂಜೆ ಎಲ್ಲರಿಗೂ ತಿಳಿಸಿದೆ.

ಭಾವ ಸ್ವಲ್ಪ ದಿನ ನನ್ನ ಫೋನ್ ಎತ್ತಲಿಲ್ಲ. ಆಮೇಲೆ ಅವರೇ ಮಾಡಿದರು. “ಹಳೇ ಫೋನ್‌ನ ಹುಷಾರಾಗಿ ಇಟ್ಕಂಡಿದೀನಿ ಕಣಮ್ಮ. ಅಪ್‌ಡೇಟ್ ಕೇಳ್ತದೆ, ಬೇಡ ಅಂತ ಒತ್ತಿದೀನಿ. ಸರಿ ತಾನೆ?” ಎಂದರು. ಸರಿ ಎಂದೆ. ಬ್ಯಾಟರಿ ಉಬ್ಬುವವರೆಗೆ ಅಷ್ಟೇ ಎಂದು ಹೇಳಲಿಲ್ಲ. ಬೆಳಿಗ್ಗೆ ಪೇಪರು ಎಲ್ಲಿ ಹಾಕ್ಕೊಳ್ತೀರಿ ಎಂದು ಕೇಳಿದೆ. “ಅಂಗ್ಡೀಲೇ ಹಾಕ್ಕೊಂತೀನಿ ಈಗ. ನಿಮ್ಮಕ್ಕ ಮನೇಲಿ ಬೇಡ ಅಂತ ಕೈ ಮಾಡಿದ್ಲು,” ಎಂದರು. ಯಾವಾಗ ಹಾಗೆ ಮಾಡಿದಳು, ನಾನು ತೆಗೆಯುವ ಮೊದಲೋ ಆಮೇಲೋ ಎಂದು ಕೇಳಿದ್ದಕ್ಕೆ ಅವರಿಗೆ ಸರಿಯಾಗಿ ನೆನಪಿರಲಿಲ್ಲ.

ಅಕ್ಕ ನನ್ನೊಡನೆ ಎಂದಿನಂತೆಯೇ ಇದ್ದಾಳೆ. ನಮ್ಮ ಬಳಗದ ಮೇಲ್‌ಗಳು ಅವಳಿಗೂ ಹೋಗುತ್ತವೆ, ತೆಗೆದ ದಿನವೇ ಅವಳು ಅದನ್ನು ಓದಿರುತ್ತಾಳೆ. ಸಾರಿನ ಪುಡಿ ಕಳಿಸುತ್ತಾಳೆ, ನನ್ನ ಮೊಣಕಾಲು ನೋವಿನ ಬಗ್ಗೆ ಬರೆದು ವಿಚಾರಿಸುತ್ತಾಳೆ, ಸೊಪ್ಪಿನವಳ ಜೊತೆಗಿನ ಜಗಳಗಳನ್ನು ವರದಿ ಮಾಡುತ್ತಾಳೆ. ಹೊಸದನ್ನು ಸೇರಿಸುವ ಗಡುವು ಮುಗಿದ ದಿನ ಅವಳಿಗೆ ಒಂದು ಸಂದೇಶ ಕಳಿಸಿದೆ. ಅವಳು ಅದನ್ನು ನೋಡಿದ ಗುರುತು ಕೂಡಲೇ ಬಂತು. ಅವಳು ಬರೆಯುತ್ತಿದ್ದಾಳೆ ಎಂದು ಫೋನು ತೋರಿಸಿತು, ನಿಂತಿತು, ಮತ್ತೆ ತೋರಿಸಿತು, ಆಮೇಲೆ ನಿಂತೇಹೋಯಿತು. ಅದಾದ ಮೇಲೆ ಎರಡು ಸಲ ಗುಬ್ಬಿಗೆ ಹೋಗಿ ಅವಳ ಎದುರು ಕೂತು ಊಟ ಮಾಡಿ ಬಂದಿದ್ದೇನೆ, ಆ ಮಾತನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಆ ಸಂದೇಶದಲ್ಲಿ ನಾನು ಕೇಳಿದ್ದು ಇಷ್ಟು:

“ಅಕ್ಕ, ನಿನ್ನ ದನಿ ಅದರಲ್ಲಿ ಇದ್ದದ್ದು ನಿಂಗೆ ಕಷ್ಟ ಆಗ್ತಿತ್ತಾ, ಇಲ್ಲಾ ನಾನು ಅದನ್ನ ತೆಗೆದದ್ದು ಕಷ್ಟ ಆಯ್ತಾ?”